ಕೊಟ್ಟು ಕೊಳ್ಳುವ ಆಟ

ಚದುರಂಗದ ಪುಸ್ತಕಗಳಲ್ಲಿ ನೂರೆಪ್ಪತ್ತು ವರ್ಷಗಳಿಂದ ಮತ್ತೆ ಮತ್ತೆ ಅಚ್ಚಾಗುತ್ತ ಬಂದಿರುವ ಒಂದು ಆಟ ಯಾವ ಪಂದ್ಯಾವಳಿಗೂ ಸೇರಿದ್ದಲ್ಲ. 1851ರಲ್ಲಿ ಲಂಡನ್ನಿನಲ್ಲಿ ದೊಡ್ಡದೊಂದು ಅಂತರರಾಷ್ಟ್ರೀಯ ಟೂರ್ನಿ ನಡೆಯುತ್ತಿತ್ತು. ಅದರ ಬಿಡುವಿನಲ್ಲಿ, ಜೂನ್ 21ರಂದು, ಇಬ್ಬರು ಸುಮ್ಮನೆ ಕೂತು ಒಂದು ಆಟ ಆಡಿದರು. ಬಹುಮಾನವಿಲ್ಲ, ಅಂಕವಿಲ್ಲ, ಗೆದ್ದರೂ ಸೋತರೂ ಯಾವ ಪಟ್ಟಿಗೂ ಹೋಗುವುದಿಲ್ಲ. ಒಬ್ಬ ಬ್ರೆಸ್ಲಾವಿನ ಗಣಿತದ ಮೇಷ್ಟ್ರು ಅಡಾಲ್ಫ್ ಆಂಡರ್ಸನ್. ಇನ್ನೊಬ್ಬ ಲಿಯೊನೆಲ್ ಕೀಸೆರಿಟ್ಸ್ಕಿ. ಇವನೂ ಹಿಂದೆ ಗಣಿತ ಹೇಳಿಕೊಡುತ್ತಿದ್ದವನೇ. ಆಮೇಲೆ ಪ್ಯಾರಿಸ್ಸಿಗೆ ಹೋಗಿ, ಕಫೆ ದ ಲಾ ರೆಜಾಂಸ್ ಎಂಬ ಕಾಫಿ ಮನೆಯಲ್ಲಿ ಗಂಟೆಗೆ ಐದು ಫ್ರಾಂಕಿನಂತೆ ಚದುರಂಗದ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ. ಈ ಇಬ್ಬರು ಲೆಕ್ಕದ ಮೇಷ್ಟ್ರುಗಳು ಸೇರಿ ಆಡಿದ ಆಟದಲ್ಲಿ ಲೆಕ್ಕವೇ ತಲೆಕೆಳಗಾಯಿತು.

ಆಂಡರ್ಸನ್ ಮೊದಲು ಒಂದು ಒಂಟೆ ಬಿಟ್ಟ. ಆಮೇಲೆ ಒಂದು ಆನೆ, ಅದರ ಹಿಂದೆಯೇ ಇನ್ನೊಂದು ಆನೆ. ಕೊನೆಗೆ, ನಮ್ಮಲ್ಲಿ ಹಳಬರು ಮಂತ್ರಿ ಎಂದು ಕರೆಯುವ ರಾಣಿಯನ್ನೇ ಕೊಟ್ಟ. ಮಕ್ಕಳಿಗೆ ಚೆಸ್ ಕ್ಲಾಸಿನಲ್ಲಿ ಮೊದಲ ವಾರ ಬಾಯಿಪಾಠ ಮಾಡಿಸುವ ಲೆಕ್ಕವುಂಟಲ್ಲ, ಕಾಲಾಳಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ರಾಣಿಗೆ 9 ಅಂತ? ಅದರ ಪ್ರಕಾರ ಆಂಡರ್ಸನ್ ಕೊಟ್ಟದ್ದು 22, ಕಾಲಾಳುಗಳನ್ನು ಬಿಟ್ಟು. ಕಪ್ಪಿನವನು ಕಳೆದುಕೊಂಡದ್ದು ಮೂರೇ ಮೂರು ಕಾಲಾಳು. 23ನೇ ನಡೆಗೆ ಮೇಟ್ ಆದಾಗ ಹಲಗೆಯ ಮೇಲೆ ಕಪ್ಪಿನ ರಾಣಿ, ಎರಡು ಆನೆ, ಎರಡು ಒಂಟೆ, ಎರಡು ಕುದುರೆ ಎಲ್ಲವೂ ಇವೆ. ಬಿಳಿಯವನ ಬಳಿ ರಾಜನನ್ನೂ ಕಾಲಾಳುಗಳನ್ನೂ ಬಿಟ್ಟರೆ ಎರಡು ಕುದುರೆ, ಒಂದು ಒಂಟೆ. ಆ ಮೂರೇ ಸೇರಿ ರಾಜನನ್ನು ಮುಗಿಸಿವೆ. ಕಪ್ಪು ರಾಣಿ ಎಲ್ಲಿದೆ ಎಂದು ಹುಡುಕಿದರೆ ಎ1ರ ಮೂಲೆಯಲ್ಲಿ ಆನೆ ತಿಂದು ಕೂತಿದೆ. ಒಂಬತ್ತು ಅಂಕದ ಕಾಯಿ, ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿಲ್ಲ. ಆ ಗಳಿಗೆಯಲ್ಲಿ ಅದರ ಬೆಲೆ ಸೊನ್ನೆ.

ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲಿನ ಸಂಗತಿ. ಈ ಆಟವನ್ನು ಅಚ್ಚು ಹಾಕಿದವನು ಸೋತವನೇ. ಕೀಸೆರಿಟ್ಸ್ಕಿಗೆ ತನ್ನದೇ ಒಂದು ಚದುರಂಗದ ಪತ್ರಿಕೆಯಿತ್ತು, ‘ಲಾ ರೆಜಾಂಸ್’ ಅಂತ. ಅದೇ ವರ್ಷ ಆಟದ ನಡೆಗಳನ್ನು ಅದರಲ್ಲಿ ಪ್ರಕಟಿಸಿದ. ಟೂರ್ನಿಯ ಮೊದಲ ಸುತ್ತಿನಲ್ಲೇ ಇದೇ ಆಂಡರ್ಸನ್ನನ ಕೈಯಲ್ಲಿ ಸೋತು ಹೊರಬಿದ್ದಿದ್ದವನು ಅವನು. ಬಿಡುವಿನ ಆಟದ ಸೋಲನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದರೆ ಕೇಳುವವರಿರಲಿಲ್ಲ. 1853ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲೇ ತೀರಿಕೊಂಡ. ಅದಾಗಿ ಎರಡು ವರ್ಷಕ್ಕೆ ಅರ್ನ್ಸ್ಟ್ ಫಾಲ್ಕ್‌ಬೇರ್ ಎಂಬ ಇನ್ನೊಬ್ಬ ಆಟಗಾರ ಈ ಆಟವನ್ನು ‘ಅಮರ ಆಟ’ ಎಂದು ಕರೆದ. ಆ ಹೆಸರೇ ನಿಂತಿತು. ಕೀಸೆರಿಟ್ಸ್ಕಿ ಸಾಧಾರಣ ಆಟಗಾರನಲ್ಲ; ಅವನು ಗೆದ್ದ ಚೆಂದದ ಆಟಗಳೂ ಇವೆ. ಆದರೂ ಇವತ್ತು ಅವನ ಹೆಸರು ಬಾಯಲ್ಲಿ ಬರುವುದು ಈ ಒಂದು ಸೋಲಿನಿಂದ.

ಹಾಗಾದರೆ ಈ ಆಟ ಯಾರದು? ಸೋತವನಿಗೆ ಅದನ್ನು ಊರಿಗೆಲ್ಲ ತೋರಿಸಬೇಕು ಅನಿಸಿದ್ದು ಏಕೆ? ಇದರಲ್ಲಿ ತನ್ನ ಪಾಲೂ ಇದೆ ಎಂದು ಅವನಿಗೆ ಅನಿಸಿರಬೇಕು ಎಂಬುದು ನನ್ನ ಊಹೆ. ಆ ಊಹೆ ಗಟ್ಟಿಯಾದದ್ದು ನಮ್ಮ ಬಡಾವಣೆಯ ಪಾರ್ಕಿನಲ್ಲಿ.

ಅಲ್ಲಿ ಹೊಂಗೆಮರದ ಕೆಳಗೆ ಒಂದು ಕಲ್ಲುಬೆಂಚಿದೆ. ಸಂಜೆ ಅದರ ಎರಡು ತುದಿಗೂ ಎರಡು ಕಡೆ ಕಾಲು ಇಳಿಬಿಟ್ಟು ಇಬ್ಬರು ಕೂರುತ್ತಾರೆ, ನಡುವೆ ಸುರುಳಿ ಸುತ್ತುವ ರೆಕ್ಸಿನ್ ಬೋರ್ಡು. ಕಾಯಿಗಳು ಪ್ಲಾಸ್ಟಿಕ್ಕಿನವು. ಕಪ್ಪಿನ ಒಂದು ಕಾಲಾಳು ಎಂದೋ ಕಳೆದುಹೋಗಿದೆ, ಅದರ ಕೆಲಸವನ್ನು ಸೋಡಾ ಬಾಟಲಿಯ ಮುಚ್ಚಳ ಮಾಡುತ್ತದೆ. ಸುತ್ತ ನಿಂತವರು ಬಾಯಿ ಮುಚ್ಚಿಕೊಂಡಿರಬೇಕು ಎಂಬ ನಿಯಮವಿದೆ, ಪಾಲಿಸಿದವರನ್ನು ಕಂಡಿಲ್ಲ. ಅಲ್ಲಿ ನನಗೆ ಸಿಗುವ ಇಬ್ಬರು ಎದುರಾಳಿಗಳ ಬಗ್ಗೆ ಹೇಳಬೇಕು. ಒಬ್ಬರು ಅಂಚೆ ಇಲಾಖೆಯಿಂದ ನಿವೃತ್ತರಾದ ರಾಯರು. ಇನ್ನೊಬ್ಬರನ್ನು ಎಲ್ಲರೂ ಆಡಿಟರ್ ಸಾಹೇಬರು ಎನ್ನುತ್ತಾರೆ. ಉದ್ಯೋಗವೂ ಅದೇ, ಆಟವೂ ಅದೇ.

ಆಡಿಟರ್ ಸಾಹೇಬರ ಮುಂದೆ ನೀವು ಏನನ್ನು ಬೇಕಾದರೂ ಇಡಿ, ಮುಟ್ಟುವುದಿಲ್ಲ. ಕುದುರೆಯನ್ನು ಅವರ ಕಾಲಾಳಿನ ಬಾಯಿಗೇ ಕೊಟ್ಟು ಕಾಯುತ್ತೇನೆ. ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿ, “ಬೇಡ ಸ್ವಾಮಿ, ನಿಮ್ಮ ಕುದುರೆ ನಿಮ್ಮ ಲಾಯದಲ್ಲೇ ಇರಲಿ” ಎಂದು ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸುತ್ತಾರೆ. ಅವರೊಂದಿಗಿನ ಆಟಗಳು ಕತ್ತಲಾಗುವವರೆಗೂ ಎಳೆಯುತ್ತವೆ. ಹೆಚ್ಚಿನವು ಡ್ರಾ. ತಪ್ಪೇನೂ ಇಲ್ಲ, ನನಗಿಂತ ಅವರೇ ಗಟ್ಟಿ ಆಟಗಾರರು. ಆದರೆ ಅವರ ಜೊತೆ ಆಡಿದ ಒಂದು ಆಟವೂ ನನಗೆ ನೆನಪಿಲ್ಲ.

ರಾಯರು ಬೇರೆ ಜಾತಿಯ ಮನುಷ್ಯ. ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ, ಯಾವಾಗಲೂ. ಮೋಸ ಹೋಗಿ ತೆಗೆದುಕೊಳ್ಳುವುದಲ್ಲ. ಮೂಗುತಿ ನೋಡುವ ಅಕ್ಕಸಾಲಿಗನ ಹಾಗೆ ಬಗ್ಗಿ ಎಲ್ಲ ನೋಡುತ್ತಾರೆ, ಇದರಲ್ಲಿ ಏನೋ ಇದೆ ಎಂದು ಅವರಿಗೆ ಗೊತ್ತಾಗುತ್ತದೆ. ಆಮೇಲೂ ತೆಗೆದುಕೊಳ್ಳುತ್ತಾರೆ. “ಏನೋ ಮಾಡಿದ್ದೀರಿ. ತೋರಿಸಿ ನೋಡೋಣ” ಎನ್ನುತ್ತಾರೆ.

ಒಂದು ಸಂಜೆಯ ಆಟವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಚೆಸ್ ಆಡುವವರಿಗೆ ‘ಗ್ರೀಕ್ ಗಿಫ್ಟ್’ ಎಂಬ ಬಲಿ ಗೊತ್ತಿರುತ್ತದೆ. ಹದಿನೇಳನೇ ಶತಮಾನದ ಇಟಲಿಯವನಾದ ಗ್ರೆಕೋನ ಬರಹಗಳಲ್ಲೇ ಇರುವ ಹಳೆಯ ಉಪಾಯ. ರಾಯರು ಕಪ್ಪು. ಕ್ಯಾಸ್ಲಿಂಗ್ ಮಾಡಿ ರಾಜನನ್ನು ನನ್ನ ಬಲಗಡೆ ಭದ್ರ ಮಾಡಿದ್ದಾರೆ, ಮುಂದೆ ಮೂರು ಕಾಲಾಳು ಗೋಡೆಯ ಹಾಗೆ. ಆದರೆ ಎಫ್6ರಲ್ಲಿ ಇರಬೇಕಾದ ಕಾವಲಿನ ಕುದುರೆ ಇಲ್ಲ. ಇ5ಕ್ಕೆ ಬಂದ ನನ್ನ ಕಾಲಾಳು ಅದನ್ನು ಓಡಿಸಿದೆ. ಡಿ3ರಲ್ಲಿದ್ದ ನನ್ನ ಒಂಟೆ ಉದ್ದಕ್ಕೂ ಓರೆಯಾಗಿ ಹೋಗಿ ಎಚ್7ರ ಕಾಲಾಳನ್ನು ಹೊಡೆದು ರಾಜನ ಮಗ್ಗುಲಲ್ಲೇ ನಿಂತಿತು. ಚೆಕ್. ಒಂದು ಕಾಲಾಳಿಗೆ ಒಂದು ಇಡೀ ಒಂಟೆ. ರಾಯರು ರಾಜನಿಂದಲೇ ಅದನ್ನು ಹೊಡೆದರು. ನನ್ನ ಕುದುರೆ ಜಿ5ಕ್ಕೆ ಹಾರಿತು, ಮತ್ತೆ ಚೆಕ್. ಈಗ ರಾಜ ಹಿಂದಕ್ಕೆ ಹೋದರೆ ನನ್ನ ರಾಣಿ ಎಚ್5ಕ್ಕೆ ಬಂದು ಕೂರುತ್ತದೆ, ಆಟ ಹೆಚ್ಚು ಕಡಿಮೆ ಮುಗಿಯಿತು. ಇದು ಪುಸ್ತಕದ ಪಾಠ. ರಾಯರು ಹಿಂದಕ್ಕೆ ಹೋಗಲಿಲ್ಲ. ರಾಜನನ್ನು ಎತ್ತಿ ಒಂದು ಹೆಜ್ಜೆ ಮುಂದಕ್ಕೆ, ಜಿ6ಕ್ಕೆ, ಬಯಲಿಗೇ ತಂದಿಟ್ಟರು.

ಸುತ್ತ ನಿಂತವರಲ್ಲಿ ಯಾರೋ “ಅಯ್ಯೋ” ಎಂದರು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಒಂಟೆ ಹೋಗಿದೆ, ವಾಪಸು ಬರುವುದಿಲ್ಲ. ರಾಜ ಕಣ್ಣೆದುರಿಗೆ ಬರಿಮೈಯಲ್ಲಿ ನಿಂತಿದ್ದಾನೆ. ಅವನನ್ನು ಹಿಡಿಯುವ ದಾರಿ ಇದೆಯೋ ಇಲ್ಲವೋ ಗೊತ್ತಿಲ್ಲ. ರಾಯರಿಗೂ ಗೊತ್ತಿಲ್ಲ. ಆ ಕೆಲವು ನಿಮಿಷ ಬೆಂಚಿನ ಮೇಲೆ ಇಬ್ಬರೂ ಒಂದೇ ಕಡೆ ಬಗ್ಗಿ, ಒಂದೇ ಮನೆಯನ್ನು ನೋಡುತ್ತ, ಒಂದೇ ಒಗಟನ್ನು ಬಿಡಿಸುತ್ತಿದ್ದೆವು. ಎದುರಾಳಿಗಳು ಎಂಬುದು ಬರೀ ಕೂತ ದಿಕ್ಕಿನಿಂದ.

ಹವ್ಯಾಸಿ ಆಟದಲ್ಲಿ ಬಲಿ ಕೊಡುವ ಖುಷಿಯೆಂದರೆ ಗೆಲುವಿನ ಖುಷಿ ಎಂದು ಹೊರಗಿನವರು ತಿಳಿಯುತ್ತಾರೆ. ಅಲ್ಲ. ಗೆಲುವು ಎದುರಾಳಿ ರಾಣಿಯನ್ನು ಸುಮ್ಮನೆ ಕಳೆದುಕೊಂಡರೂ ಬರುತ್ತದೆ, ಅದರಲ್ಲಿ ರುಚಿಯಿಲ್ಲ. ಖುಷಿ ಇರುವುದು ಕೊಟ್ಟ ಮೇಲೆ, ಫಲ ಕಾಣುವುದಕ್ಕೆ ಮುಂಚೆ, ಆ ನಡುವಿನ ಹೊತ್ತಿನಲ್ಲಿ. ರುಡಾಲ್ಫ್ ಸ್ಪೀಲ್ಮನ್ ಎಂಬ ಆಸ್ಟ್ರಿಯಾದ ಆಟಗಾರ 1935ರಲ್ಲಿ ಬಲಿಯ ಕಲೆಯ ಮೇಲೆಯೇ ಒಂದು ಪುಸ್ತಕ ಬರೆದ. ಅದರಲ್ಲಿ ಬಲಿಯನ್ನು ಎರಡಾಗಿ ವಿಂಗಡಿಸುತ್ತಾನೆ: ತೋರಿಕೆಯ ಬಲಿ, ನಿಜವಾದ ಬಲಿ. ಕೊಟ್ಟದ್ದು ನಾಲ್ಕಾರು ನಡೆಯಲ್ಲಿ ಬಡ್ಡಿಸಮೇತ ವಾಪಸು ಬರುತ್ತದೆಂದು ಎಣಿಸಿ ನೋಡಿಯೇ ಕೊಟ್ಟರೆ ಅದು ತೋರಿಕೆಯದು. ಕಾಯಿಗಳ ಓಟವನ್ನು ನಂಬಿ, ಎಣಿಕೆ ಮುಟ್ಟದ ದೂರಕ್ಕೆ ಕೊಟ್ಟರೆ ಅದು ನಿಜವಾದದ್ದು. ಕರ್ಣನನ್ನು ಇಲ್ಲಿಗೆ ಎಳೆದು ತರುವ ಆಸೆಯನ್ನು ತಡೆದುಕೊಳ್ಳುತ್ತೇನೆ. ಚದುರಂಗದಲ್ಲಿ ಯಾರೂ ದಾನ ಕೊಡುವುದಿಲ್ಲ, ಎಲ್ಲರ ಕಣ್ಣೂ ಎದುರಿನ ರಾಜನ ಮೇಲೆಯೇ ಇರುತ್ತದೆ. ಆದರೂ ಸ್ಪೀಲ್ಮನ್ನನ ಎರಡನೆಯ ಬಗೆಯಲ್ಲಿ ಕೈ ಬಿಡುವ ಒಂದು ಗಳಿಗೆ ಇದ್ದೇ ಇದೆ. ಮತ್ತು ಒಂದು ವಿಚಿತ್ರ: ಗ್ರಾಂಡ್‌ಮಾಸ್ಟರಿಗೆ ತೋರಿಕೆಯದಾದ ಬಲಿ ನಮ್ಮಂಥವರಿಗೆ ನಿಜವಾದದ್ದೇ. ಅವನು ಹನ್ನೆರಡು ನಡೆ ಎಣಿಸುತ್ತಾನೆ, ನಾವು ಮೂರಕ್ಕೆ ಏದುಸಿರು ಬಿಡುತ್ತೇವೆ. ಆಚೆಗೆಲ್ಲ ಕತ್ತಲು. ನಮ್ಮ ಅಜ್ಞಾನವೇ ನಮಗೆ ಈ ಸುಖವನ್ನು ಅಗ್ಗವಾಗಿ ಕೊಟ್ಟಿದೆ.

ಅಗ್ಗ ಏಕೆಂದರೆ ಕಳೆದುಕೊಳ್ಳುವುದೂ ಕಡಿಮೆ. ವೃತ್ತಿಪರನ ಒಂದು ಸೋಲಿನ ಹಿಂದೆ ರೇಟಿಂಗ್ ಇದೆ, ಬಹುಮಾನದ ಹಣ ಇದೆ, ಮುಂದಿನ ಟೂರ್ನಿಯ ಆಹ್ವಾನ ಇದೆ. ಪಾರ್ಕಿನಲ್ಲಿ ಸೋತವನಿಗೆ ನಷ್ಟವಾಗುವುದು ಒಂದು ಸಂಜೆ, ಹೆಚ್ಚೆಂದರೆ ಗೆದ್ದವನ ಕಾಫಿ ಬಿಲ್ಲು. ಇನ್ನೊಂದು ಕಾರಣವೂ ಇದೆ. ನಮ್ಮ ಮಟ್ಟದಲ್ಲಿ ದಾಳಿ ಮಾಡುವುದಕ್ಕಿಂತ ತಡೆಯುವುದು ಬಹಳ ಕಷ್ಟ. ದಾಳಿ ಮಾಡುವವನಿಗೆ ಹಲವು ದಾರಿಗಳಿರುತ್ತವೆ, ಒಂದು ತಪ್ಪಿದರೆ ಇನ್ನೊಂದು. ತಡೆಯುವವನಿಗೆ ಪ್ರತಿ ಸಲವೂ ಒಂದೇ ಸರಿಯಾದ ನಡೆ, ಅದನ್ನು ಪ್ರತಿ ಸಲವೂ ಹುಡುಕಬೇಕು. ಹಾಗಾಗಿ ಪುಸ್ತಕದ ಪ್ರಕಾರ ನಿಲ್ಲದ ಬಲಿಗಳು ಕಲ್ಲುಬೆಂಚಿನ ಮೇಲೆ ಧಾರಾಳವಾಗಿ ಗೆಲ್ಲುತ್ತವೆ.

ದೊಡ್ಡವರಲ್ಲೂ ಹೀಗೆ ಕತ್ತಲಿಗೆ ಕಾಲಿಟ್ಟವನೊಬ್ಬನಿದ್ದ. ರೀಗಾ ಊರಿನ ಮಿಖಾಯಿಲ್ ತಾಲ್. 1960ರಲ್ಲಿ ಮಾಸ್ಕೋದಲ್ಲಿ ಬೊಟ್ವಿನಿಕ್‌ನನ್ನು ಸೋಲಿಸಿ 23ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಆ ಪಂದ್ಯದ ಆರನೇ ಆಟದಲ್ಲಿ ಅವನೊಂದು ಕುದುರೆಯನ್ನು ಎಫ್4ಕ್ಕೆ ತಂದು ಒಪ್ಪಿಸಿದಾಗ ಪ್ರೇಕ್ಷಕರ ಗದ್ದಲ ಎಷ್ಟಾಯಿತೆಂದರೆ ಆಟಗಾರರಿಬ್ಬರನ್ನೂ ಹಿಂದಿನ ಕೋಣೆಗೆ ಕಳಿಸಬೇಕಾಯಿತು. ಆ ಬಲಿ ಪೂರ್ತಿ ಸರಿಯಲ್ಲ ಎಂದು ಆಮೇಲೆ ಪಂಡಿತರು ತೋರಿಸಿದರು. ಆಟ ಗೆದ್ದದ್ದು ತಾಲ್. ಅವನೇ ಹೇಳಿಕೊಂಡ ಇನ್ನೊಂದು ಕಥೆ ನನಗೆ ಇದಕ್ಕಿಂತ ಇಷ್ಟ. ವಾಸ್ಯುಕೋವ್ ಎಂಬ ಗ್ರಾಂಡ್‌ಮಾಸ್ಟರ್ ವಿರುದ್ಧದ ಆಟದಲ್ಲಿ ಒಂದು ಕುದುರೆ ಕೊಡಬಹುದೇ ಎಂದು ಲೆಕ್ಕ ಹಾಕುತ್ತಿದ್ದಾನೆ. ಸಾಧ್ಯತೆಗಳು ಕವಲೊಡೆದು ಕವಲೊಡೆದು ತಲೆ ತುಂಬಿಹೋಗಿದೆ. ಇದ್ದಕ್ಕಿದ್ದಂತೆ ಚುಕೋವ್‌ಸ್ಕಿಯ ಮಕ್ಕಳ ಪದ್ಯವೊಂದರಲ್ಲಿ ಕೆಸರಿಗೆ ಬಿದ್ದ ನೀರುಕುದುರೆ ನೆನಪಾಗುತ್ತದೆ. ನಿಜಕ್ಕೂ ಅದನ್ನು ಎತ್ತುವುದು ಹೇಗೆ? ಜಾಕ್ ಹಾಕಬೇಕೇ, ಸನ್ನೆಗೋಲೇ, ಹೆಲಿಕಾಪ್ಟರೇ? ಬಹಳ ಹೊತ್ತು ಯೋಚಿಸಿ, ಏನೂ ಹೊಳೆಯದೆ, ಹಾಳಾಗಲಿ, ಮುಳುಗಲಿ ಎಂದು ಕೈಬಿಟ್ಟ. ನೀರುಕುದುರೆ ಮಾಯವಾದದ್ದೇ ಕುದುರೆಯ ಲೆಕ್ಕವೂ ಹೋಯಿತು. ಹೇಗೂ ಎಣಿಸಿ ಮುಗಿಯುವುದಿಲ್ಲ, ಆಟ ಚೆನ್ನಾಗಿರುತ್ತದೆ ಎಂದುಕೊಂಡು ಕುದುರೆ ಕೊಟ್ಟ. ತಾಲ್ ನಲವತ್ತು ನಿಮಿಷ ಆಳವಾಗಿ ಯೋಚಿಸಿ ನಿಖರವಾಗಿ ಲೆಕ್ಕ ಹಾಕಿ ಬಲಿ ಕೊಟ್ಟ ಎಂದು ಮರುದಿನದ ಪತ್ರಿಕೆಯಲ್ಲಿ ಬಂತಂತೆ.

ಹಾಗೆಂದು ಎಲ್ಲ ಬಲಿಯೂ ನನಗೆ ಪ್ರಿಯವಲ್ಲ. ಈಗಿನ ಮೊಬೈಲ್ ಆ್ಯಪುಗಳು ಒಳ್ಳೆಯ ಬಲಿಗೆ ‘ಬ್ರಿಲಿಯಂಟ್’ ಎಂದು ಎರಡು ಆಶ್ಚರ್ಯಚಿಹ್ನೆ ಹಾಕಿ ಬಹುಮಾನ ಕೊಡುತ್ತವೆ. ಹುಡುಗರು ಅದರ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾರೆ. ಆ ಎರಡು ಚಿಹ್ನೆಗಾಗಿಯೇ ಕಾಯಿ ಒಡ್ಡುವ ಆಟದಲ್ಲಿ ಎದುರಿಗಿರುವವನು ಬರೀ ಹಿನ್ನೆಲೆ. ಅಂಥ ಆಟಗಳನ್ನು ನೋಡಿದರೆ ಪ್ರೇಕ್ಷಕರ ಕಡೆಗೇ ಮುಖ ಮಾಡಿ ಪಲುಕು ಹಾಕುವ ಗಾಯಕರು ನೆನಪಾಗುತ್ತಾರೆ. ತೋರಿಸಿಕೊಳ್ಳುವ ಚಪಲ ಹಳೆಯದೇ, ಒಪ್ಪುತ್ತೇನೆ. 1912ರಲ್ಲಿ ಅದೇ ಬ್ರೆಸ್ಲಾವಿನಲ್ಲಿ ಅಮೆರಿಕದ ಫ್ರಾಂಕ್ ಮಾರ್ಷಲ್ ತನ್ನ ರಾಣಿಯನ್ನು ಜಿ3ರಲ್ಲಿ ಇಟ್ಟ. ಎರಡು ಕಾಲಾಳು ಹೊಡೆಯಬಹುದು, ಎದುರಿನ ರಾಣಿಯೂ ಹೊಡೆಯಬಹುದು, ಯಾವುದರಿಂದ ಹೊಡೆದರೂ ಸೋಲೇ. ಎದುರಾಳಿ ಲೆವಿಟ್ಸ್ಕಿ ಹೊಡೆಯಲಿಲ್ಲ, ಅಲ್ಲಿಗೇ ಆಟ ಬಿಟ್ಟುಕೊಟ್ಟ. ನೋಡಿದವರು ಹಲಗೆಯ ಮೇಲೆ ಚಿನ್ನದ ನಾಣ್ಯ ಸುರಿದರು ಎಂದು ಮಾರ್ಷಲ್ಲೇ ಬರೆದುಕೊಂಡಿದ್ದಾನೆ. ಅವೆಲ್ಲ ಬಾಜಿ ಸೋತವರು ಎಸೆದ ದುಡ್ಡು ಎನ್ನುವವರೂ ಇದ್ದಾರೆ. ನಡೆ ಅದ್ಭುತವೇ. ಆದರೆ ನನಗೆ ಅದು ಯಾವಾಗಲೂ ಅರ್ಧಕ್ಕೆ ನಿಂತ ಹಾಡಿನ ಹಾಗೆ ಕೇಳುತ್ತದೆ. ಕೊಟ್ಟದ್ದನ್ನು ಯಾರೂ ತೆಗೆದುಕೊಳ್ಳಲಿಲ್ಲವಲ್ಲ.

ಕಂಪ್ಯೂಟರಿನ ಜೊತೆ ಆಡುವಾಗ ಬಲಿ ಕೊಡಲು ಮನಸ್ಸು ಬಾರದಿರುವುದೂ ಇದಕ್ಕೇ ಇರಬೇಕು. ಅದು ಸೋಲಿಸುತ್ತದೆ ಎಂಬುದು ಆಮೇಲಿನ ಮಾತು. ಅದು ಕಾಯಿ ತೆಗೆದುಕೊಂಡರೂ ಆಸೆಯಿಂದ ತೆಗೆದುಕೊಳ್ಳುವುದಿಲ್ಲ, ಬಿಟ್ಟರೂ ಹೆದರಿ ಬಿಡುವುದಿಲ್ಲ. 2017ರಲ್ಲಿ ಬಂದ ಆಲ್ಫಾಝೀರೋ ತನ್ನೊಂದಿಗೆ ತಾನೇ ಆಡಿ ಕಲಿತು, ಸ್ಟಾಕ್‌ಫಿಶ್ ಎಂಬ ಇನ್ನೊಂದು ಯಂತ್ರದೆದುರು ಕಾಯಿಗಳನ್ನು ಧಾರಾಳವಾಗಿ ಬಿಟ್ಟುಕೊಟ್ಟು ಗೆದ್ದಾಗ ಜಗತ್ತೆಲ್ಲ ಬೆರಗಾಯಿತು. ಆ ಆಟಗಳು ನಿಜವಾಗಿಯೂ ಸುಂದರ. ನಾನೂ ಆಡಿಸಿ ನೋಡಿದ್ದೇನೆ. ಆದರೆ ಆ ಹಲಗೆಯ ಎರಡೂ ಕಡೆ ಎದೆ ಹೊಡೆದುಕೊಳ್ಳುವವರು ಇರಲಿಲ್ಲ. ಬೆರಗೆಲ್ಲ ಹೊರಗಿನಿಂದ ನೋಡುವ ನಮ್ಮದೇ.

ಕೊಟ್ಟದ್ದನ್ನು ತೆಗೆದುಕೊಂಡ ಆಟವೂ ಒಂದಿದೆ. 1999ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಝೀ ಎಂಬಲ್ಲಿ ಕ್ಯಾಸ್ಪರೋವ್ 24ನೇ ನಡೆಯಲ್ಲಿ ಆನೆಯಿಂದ ಡಿ4ರ ಕಾಲಾಳನ್ನು ಹೊಡೆದ. ಆನೆಯನ್ನು ಎದುರಿನ ಕಾಲಾಳು ಹೊಡೆಯಬಹುದಿತ್ತು. ಎದುರಾಳಿ ಟೊಪಾಲೋವ್ ಹೊಡೆದ. ಅಲ್ಲಿಂದ ಕಪ್ಪು ರಾಜ ತನ್ನ ಕೋಟೆ ಬಿಟ್ಟು ಒಂದೊಂದೇ ಹೆಜ್ಜೆ ಇಡುತ್ತ, ಬಿಳಿಯವರ ಮೊದಲ ಸಾಲಿನ ಡಿ1ರವರೆಗೆ, ಶತ್ರುವಿನ ಅಂಗಳಕ್ಕೇ ನಡೆದುಬಂದ. ಈ ಶತಮಾನ, ಹಿಂದಿನ ಶತಮಾನ ಎರಡನ್ನೂ ಸೇರಿಸಿದರೂ ಇಂಥ ಓಟ ಅಪರೂಪ. ಆನೆಯನ್ನು ಮುಟ್ಟದೆ ರಾಜನನ್ನು ಬಿ6ಕ್ಕೆ ಸರಿಸಿದ್ದರೆ ಕಪ್ಪಿಗೆ ಏನೂ ಆಗುತ್ತಿರಲಿಲ್ಲ ಎಂದು ವಿಶ್ಲೇಷಣೆ ಹೇಳುತ್ತದೆ. ಅಂದರೆ ಆಡಿಟರ್ ಸಾಹೇಬರು ಆ ಕುರ್ಚಿಯಲ್ಲಿ ಕೂತಿದ್ದರೆ ನಮಗೆ ಆ ಆಟ ಇರುತ್ತಿರಲಿಲ್ಲ. ‘ಅಮರ ಆಟ’ದಲ್ಲೂ ಅಷ್ಟೆ. 18ನೇ ನಡೆಯಲ್ಲಿ ಆಂಡರ್ಸನ್ ಆಡಿದ್ದಕ್ಕಿಂತ ಒಳ್ಳೆಯ ನಡೆಗಳಿದ್ದವು, ಕೀಸೆರಿಟ್ಸ್ಕಿಗೂ ಬಚಾವಾಗುವ ದಾರಿಯಿತ್ತು. ಇಬ್ಬರೂ ಆ ದಾರಿಗಳನ್ನು ಹಿಡಿಯದ್ದರಿಂದಲೇ ಅದು ಉಳಿಯಿತು. ಕೊಟ್ಟದ್ದನ್ನು ತೆಗೆದುಕೊಳ್ಳದಿರುವುದು ಆ ಕಾಲದಲ್ಲಿ ಅಳುಕಿನ ಲಕ್ಷಣ ಎನಿಸಿಕೊಳ್ಳುತ್ತಿತ್ತು ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ಅದರ ಒಳಗೆ ಒಂದು ಸೌಜನ್ಯವೂ ಇತ್ತೆಂದು ನನಗೆ ತೋರುತ್ತದೆ. ಎದುರಿಗಿರುವವನು ಏನೋ ಕಂಡಿದ್ದಾನೆ. ಅದನ್ನು ನಾನೂ ನೋಡಬೇಕು. ಅದಕ್ಕೆ ತೆರಬೇಕಾದ್ದನ್ನು ತೆರುತ್ತೇನೆ.

ರಾಯರ ಆಟ ಏನಾಯಿತು ಎಂದು ಕೇಳುವವರಿಗೆ: ಅವರ ರಾಜ ಜಿ6ರಲ್ಲಿ ಸಾಕಷ್ಟು ಹೊತ್ತು ತಡೆದುಕೊಂಡ. ಒಂದು ಕಡೆ ನನ್ನ ದಾಳಿಯ ಕಾವೇ ಆರಿತು ಎಂದುಕೊಂಡಿದ್ದೆ. ಆಮೇಲೆ ಎಚ್4ಕ್ಕೆ ಬಂದ ಕಾಲಾಳು ದಾರಿ ಬಿಡಿಸಿತು, ಹಿಂದೆಯೇ ಆನೆಯೂ ರಾಣಿಯೂ ಬಂದವು. ಮೇಟ್ ಆದಾಗ ರಾಯರು ಎರಡೂ ಕೈ ತೊಡೆಯ ಮೇಲೆ ಬಡಿದು “ಭಲೆ” ಎಂದರು. ಸೋತವರ ಮುಖದಲ್ಲಿ ಅಂಥ ಬೆಳಕನ್ನು ನಾನು ಕ್ರಿಕೆಟ್ಟಿನಲ್ಲಾಗಲಿ ಕಬಡ್ಡಿಯಲ್ಲಾಗಲಿ ಕಂಡದ್ದಿಲ್ಲ.

ಅವರ ಮೊಮ್ಮಗ ಅಲ್ಲೇ ನಿಂತಿದ್ದ. ಹೈಸ್ಕೂಲು ಹುಡುಗ, ಚೆಸ್ ಕ್ಲಾಸಿಗೆ ಹೋಗುತ್ತಾನೆ. ಆಟ ನಡೆಯುವಾಗಲೇ ನಡೆಗಳನ್ನೆಲ್ಲ ಮೊಬೈಲಿಗೆ ತುಂಬಿದ್ದ.

“ತಾತ, ಒಂಟೇನ ಹೊಡೀಬಾರದಿತ್ತು. ರಾಜನ್ನ ಮೂಲೆಗೆ ಸರಿಸಿದ್ರೆ ಬರೀ ಒಂದು ಪಾನ್ ಹೋಗ್ತಿತ್ತು.”

“ಆಮೇಲೆ?”

“ಆಮೇಲೆ ಏನಿಲ್ಲ. ಆಟ ಮುಂದುವರೀತಿತ್ತು.”

“ಹೂಂ” ಎಂದರು ರಾಯರು. ಮೊಬೈಲನ್ನು ವಾಪಸು ಅವನ ಜೇಬಿಗೇ ತುರುಕಿ, ಬೋರ್ಡನ್ನು ತಿರುಗಿಸಿ ಬಿಳಿ ಕಾಯಿಗಳನ್ನು ತಮ್ಮ ಕಡೆಗೆ ಮಾಡಿಕೊಂಡರು. ಗೇಟು ಹಾಕಲು ಬಂದ ಕಾವಲುಗಾರನಿಗೆ “ಒಂದೇ ಒಂದು, ಬೇಗ ಮುಗಿಯುತ್ತೆ” ಎಂದು ಕೈ ತೋರಿಸಿದರು. ಬೇಗಬೇಗ ಕಾಯಿ ಜೋಡಿಸಿದೆವು, ಸೋಡಾ ಮುಚ್ಚಳ ಈ ಸಲ ನನ್ನ ಪಾಲಿಗೆ ಬಂತು. ಐದನೇ ನಡೆಗೇ ಅವರ ಒಂಟೆ ಎಫ್7ರ ಮೇಲೆ ಬಂದು ಕೂತಿತು. ತೆಗೆದುಕೊಂಡರೆ ರಾಜ ಬೀದಿಗೆ ಬರುತ್ತಾನೆ. ರಾಯರು ನನ್ನ ಮುಖವನ್ನೇ ನೋಡುತ್ತಿದ್ದರು.

ತೆಗೆದುಕೊಂಡೆ.